ನೀರುಗಂಟಿಯ ಮಗಳ ನಗಾರಿ

ನಗಾರಿ ಈಗ ಯಾರ ಪಾಲಿಗೆ ಬಂದಿದೆ ಎಂದು ಕಂಡುಹಿಡಿಯಲು ನಮ್ಮೂರಿನಲ್ಲಿ ಇರುವುದು ಒಂದೇ ದಾರಿ, ಬಸ್ಕಿ ಹೊಡೆಸುವುದು. ಊರಿನ ಹರೆಯದ ಹುಡುಗ ಹುಡುಗಿಯರನ್ನೆಲ್ಲ ನಗಾರಿಕಟ್ಟೆಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ. ಒಬ್ಬೊಬ್ಬರೇ ಮುಂದೆ ಬಂದು ಕಿವಿ ಹಿಡಿದುಕೊಂಡು ಕೂತು ಏಳಬೇಕು. ಯಾರು ಕೂತು ಎದ್ದಾಗ ಕಟ್ಟೆಯ ಮೇಲಿನ ನಗಾರಿ ಜೋರು ಹಿಡಿಯುತ್ತದೋ ಅದು ಅವರ ಎದೆಯ ಬಡಿತ. ಬೇರೆ ಊರುಗಳಲ್ಲಿ ತಪ್ಪು ಮಾಡಿದವರಿಗೆ ಬಸ್ಕಿಯ ಶಿಕ್ಷೆ ಕೊಡುತ್ತಾರಂತೆ. ನಮ್ಮಲ್ಲಿ ತಪ್ಪು ಮಾಡದವರಿಗೂ ಇದೆ.

ಆ ನಗಾರಿಯನ್ನು ಯಾರೂ ಬಾರಿಸುವುದಿಲ್ಲ. ಊರಿನ ಯಾರೋ ಒಬ್ಬರ ಎದೆ ಹೇಗೆ ಬಡಿಯುತ್ತದೋ ಹಾಗೆ ಅದು ಹಗಲೂ ರಾತ್ರಿ ಬಡಿಯುತ್ತಿರುತ್ತದೆ. ಹಿಡಿಯುವುದು ಹರೆಯದವರನ್ನೇ. ಅವರ ಮೈ ಬಲಿತು ಮದುವೆಯ ಮಾತು ಬರುವ ಹೊತ್ತಿಗೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತದೆ. ನಾವು ಅನ್ನ ಬೇಯಿಸುವುದು, ಮಗ್ಗದಿಂದ ಏಳುವುದು, ಶಾಲೆ ಬಿಡುವುದು ಎಲ್ಲವೂ ಅದರ ಬಡಿತವನ್ನು ಎಣಿಸಿಯೇ. ಮುಖ್ಯವಾಗಿ ನೀರು. ಬೆಟ್ಟದ ಬಂಡೆಗಳ ನಡುವಿನ ದೊಣೆಯಿಂದ ಇಳಿದು ಬರುವ ನೀರನ್ನು ಮನೆಮನೆಗೆ ಸರದಿಯಲ್ಲಿ ಬಿಡುವ ಕೆಲಸ ನನ್ನ ಅಪ್ಪನದು. ಅವನು ನೀರುಗಂಟಿ ಮುದ್ದಯ್ಯ. ಒಂದು ಮನೆಗೆ ಒಂದು ಹಿಡಿ ಹುಣಸೆ ಬೀಜ ಎಂದು ಯಾವ ಕಾಲದಲ್ಲೋ ನಿಗದಿಯಾಗಿದೆ. ಅಪ್ಪ ತೂಬು ತೆರೆದು ಆ ಹಿಡಿಯನ್ನು ಎಡಗೈಯಲ್ಲಿ ಇಟ್ಟುಕೊಂಡು, ನಗಾರಿ ಹತ್ತು ಬಡಿದಾಗೊಮ್ಮೆ ಒಂದು ಬೀಜವನ್ನು ಚೀಲಕ್ಕೆ ಬಿಡುತ್ತಾನೆ. ಕೈ ಬರಿದಾದರೆ ತೂಬು ಮುಚ್ಚಿತು. ಬೀಜ ಹೆಚ್ಚಿಸಿದರಾಗದೇ ಎಂದು ನೀವು ಕೇಳಬಹುದು. ಆ ಹಿಡಿಯ ಲೆಕ್ಕಕ್ಕೆ ನಮ್ಮಜ್ಜಂದಿರ ಕಾಲದಲ್ಲಿ ತಲೆಗಳು ಒಡೆದಿವೆ. ಈಗ ಅದರ ಮಾತನ್ನು ಯಾರೂ ಎತ್ತುವುದಿಲ್ಲ.

ಹಾಲಿನ ಸಿದ್ದರಾಜನನ್ನು ನಗಾರಿ ಬಿಟ್ಟಾಗ ನನಗೆ ಹದಿನಾರು. ನಾನು ದಪ್ಪಗಿದ್ದೆ. ಮೈ ತುಂಬಿಕೊಂಡ ಹುಡುಗಿ ಎಂದು ಬೀಗರ ಭಾಷೆಯಲ್ಲಿ ಹೇಳಬಹುದು, ಆದರೆ ಊರಿನವರು ಹಾಗೆ ಹೇಳುತ್ತಿರಲಿಲ್ಲ. ಸಾಲಿನಲ್ಲಿ ನನ್ನ ಮುಂದೆ ಇದ್ದವಳು ದರ್ಜಿ ನಾಗೋಜಿಯ ಮಗಳು ವನಜಾಕ್ಷಿ. ಅವಳು ಗುಬ್ಬಿಯ ಹಾಗೆ ಕೂತು ಎದ್ದಳು, ನಗಾರಿ ತನ್ನ ಪಾಡಿಗೆ ತಾನಿತ್ತು. ನನ್ನ ಸರದಿ ಬಂತು. ಎರಡು ಬಸ್ಕಿಗೆ ನಗಾರಿ ಎದ್ದು ಕೂತಿತು. ನಾಲ್ಕಕ್ಕೆ ಓಟ ಕಿತ್ತಿತು. "ಸಿಕ್ತು, ಸಿಕ್ತು" ಎಂದು ಯಾರೋ ಕೂಗಿದರು. ಯಜಮಾನರಾದ ಲಿಂಗಪ್ಪನವರು ಕೈ ಎತ್ತಿ, "ಸಾಕು ನಿಲ್ಸವ್ವ" ಎಂದರು.

ನಾನು ನಿಲ್ಲಿಸಿದೆ. ನಗಾರಿ ನಿಲ್ಲಿಸಲಿಲ್ಲ. ಏದುಸಿರು ಬಿಡುತ್ತ ನಾನು ನಿಂತಿದ್ದೇನೆ, ಸೀರೆಯ ಸೆರಗು ಬೆವರಿಗೆ ಅಂಟಿಕೊಂಡಿದೆ, ಇಡೀ ಊರು ಉಸಿರು ಬಿಗಿಹಿಡಿದು ನಗಾರಿ ತಣ್ಣಗಾಗುವುದನ್ನು ಕಾಯುತ್ತಿದೆ. ಅದು ಡಬಡಬ ಡಬಡಬ ಎನ್ನುತ್ತಲೇ ಇದೆ. ಲಿಂಗಪ್ಪನವರು ಒಂದು ಬೀಡಿ ಹಚ್ಚಿದರು. ಅದು ಮುಗಿಯುವವರೆಗೂ ಸೇದಿದರು. ತುಂಡನ್ನು ನೆಲಕ್ಕೆ ಹಾಕಿ ಹೊಸಕಿ, "ಇನ್ನೂ ಇಳೀಲಿಲ್ವೇನವ್ವ?" ಎಂದು ಕೇಳಿದರು. ಪಾಪ, ಅವರು ಕರುಣೆಯಿಂದಲೇ ಕೇಳಿದ್ದು. ಆದರೆ ಹಿಂದೆ ಕಿಸಕ್ಕನೆ ನಗು ಕೇಳಿತು. ನನಗೆ ಮುಖವೆಲ್ಲ ಉರಿಯಿತು. ಇಳಿಯಲು ಹೊರಟಿದ್ದ ನಗಾರಿ ಮತ್ತೆ ಏರಿತು. ನಾಚಿಕೆಯಾದರೂ ಎದೆ ಓಡುತ್ತದೆ ಎಂಬುದು ಅವತ್ತು ನನಗೆ ಗೊತ್ತಾಯಿತು, ನನ್ನ ಜೊತೆಗೆ ಊರಿಗೂ ಗೊತ್ತಾಯಿತು.

ಸಿದ್ದರಾಜನ ಕಾಲದಲ್ಲಿ ನಗಾರಿ ಎತ್ತು ಮೆಲುಕು ಹಾಕಿದ ಹಾಗೆ ಬಡಿಯುತ್ತಿತ್ತು. ಒಂದು ಹಿಡಿ ಬೀಜಕ್ಕೆ ಹಂಡೆ ತುಂಬಿ, ಕೊಡಗಳು ತುಂಬಿ, ಮೇಲಿಷ್ಟು ಕೈಕಾಲು ತೊಳೆಯಲೂ ಸಿಗುತ್ತಿತ್ತು. ನನ್ನ ಕಾಲ ಬಂದ ಮೊದಲನೆಯ ದಿನವೇ ಕೆಳಗಿನ ಬೀದಿಯ ಸಾಕಮ್ಮನ ಕೊಡ ಕಂಠಕ್ಕೆ ಬರುವ ಮೊದಲು ಅಪ್ಪನ ಕೈ ಬರಿದಾಯಿತು. ಅವನು ತೂಬು ಮುಚ್ಚಿದ.

"ಇದೇನ್ ಮುದ್ದಯ್ಯ, ಕೊಡ ಅರ್ಧ ಆಗಿಲ್ಲ!" ಎಂದಳು ಸಾಕಮ್ಮ.

"ಬೀಜ ಮುಗೀತು ಕಣಮ್ಮ" ಎಂದ ಅಪ್ಪ.

"ಬೀಜ ಮುಗೀತೋ, ನಿನ್ ಮಗಳು ಮುಗಿಸಿದ್ಲೋ? ಅದೇನ್ ಎದೆಯೋ, ರಾಗಿಕಲ್ಲು ಬೀಸ್ದಂಗೆ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅಪ್ಪ ಚೀಲದಿಂದ ಮುಂದಿನ ಹಿಡಿ ತೆಗೆದುಕೊಂಡ. ಅವನು ಯಾರಿಗೂ ಒಂದು ಬಡಿತ ಹೆಚ್ಚು ಕೊಟ್ಟವನಲ್ಲ, ಕಡಿಮೆ ಕೊಟ್ಟವನೂ ಅಲ್ಲ. ಸ್ವಂತ ತಂಗಿಯ ಮದುವೆಯ ದಿನವೂ ಬೀಜ ಎಣಿಸಿಯೇ ನೀರು ಬಿಟ್ಟವನು. ಆ ಕೈಗೆ ಊರಿನಲ್ಲಿ ಬೆಲೆಯಿತ್ತು. ಈಗ ಅದೇ ಕೈ ಬೇಗ ಬರಿದಾಗುತ್ತಿತ್ತು, ಅದೂ ಅವನ ಮನೆಯವಳಿಂದಲೇ. ಅಂದಿನಿಂದ ಅಪ್ಪ ನನ್ನ ಮುಖ ನೋಡುವುದನ್ನು ಬಿಟ್ಟ. ಕರೆಯುತ್ತಿದ್ದ, ಮಾತಾಡುತ್ತಿದ್ದ, ಸಂತೆಯಿಂದ ಕಡಲೆ ತಂದುಕೊಡುತ್ತಿದ್ದ. ಕಣ್ಣು ಮಾತ್ರ ನನ್ನ ಪಕ್ಕದ ಗೋಡೆಯ ಮೇಲಿರುತ್ತಿತ್ತು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಗೋಡೆ ನೋಡುವವನಿಗೆ ಏನು ಹೇಳುವುದು?

ಹಿರಿಯರು ಸೇರಿ ಪರಿಹಾರ ಹುಡುಕಿದರು. ಓಡಿದರೆ ಎದೆ ಓಡುತ್ತದೆ, ಕೂತರೆ ಕೂರುತ್ತದೆ, ಆದ್ದರಿಂದ ಹುಡುಗಿಯನ್ನು ಕೂರಿಸಿ. ಇದು ಅವರ ತರ್ಕ. ಮೇಲ್ನೋಟಕ್ಕೆ ತಪ್ಪೂ ಇರಲಿಲ್ಲ. ಊರ ಖರ್ಚಿನಲ್ಲಿ ಒಂದು ಮಂಚ ಬಂತು, ಎರಡು ಹತ್ತಿಯ ದಿಂಬು ಬಂದವು. ಮನೆಗೆಲಸ ಕೂಡದು, ಮೆಟ್ಟಿಲು ಹತ್ತಕೂಡದು, ಕುಂಟೆಬಿಲ್ಲೆ ಆಡುವವರನ್ನು ನೋಡಲೂ ಕೂಡದು, ನೋಡಿದರೆ ಹುಮ್ಮಸ್ಸು ಬರುತ್ತದಂತೆ. ಎದೆ ತಂಪಾಗಿರಲಿ ಎಂದು ಮನೆಮನೆಯಿಂದ ಮೊಸರನ್ನ, ತುಪ್ಪದನ್ನ, ಅವಲಕ್ಕಿ ಪಾಯಸ ಬರತೊಡಗಿತು. ಬೈಯುತ್ತಿದ್ದ ಸಾಕಮ್ಮನೇ ದಿನ ಬಿಟ್ಟು ದಿನ ಬೆಣ್ಣೆ ತಂದುಕೊಟ್ಟು, "ತಿನ್ನವ್ವ, ತಿಂದು ಸುಮ್ನೆ ಮನೀಕೊ. ನಮ್ ನೀರು ನಿನ್ ಕೈಲೈತೆ" ಎನ್ನುತ್ತಿದ್ದಳು. ನಾನು ತಿಂದೆ, ಮಲಗಿದೆ. ಮೈ ಇನ್ನಷ್ಟು ಬೆಳೆಯಿತು. ಮೊದಲು ಮೆಟ್ಟಿಲು ಹತ್ತಿದರೆ ಓಡುತ್ತಿದ್ದ ಎದೆ ಈಗ ಮಗ್ಗುಲು ಬದಲಿಸಿದರೂ ಓಡತೊಡಗಿತು. ಸುಮ್ಮನೆ ಬಿದ್ದುಕೊಂಡಿದ್ದಾಗಲೂ ನಗಾರಿ ಹಿಂದಿನ ತಿಂಗಳಿಗಿಂತ ಚುರುಕಾಗಿ ಬಡಿಯುತ್ತಿತ್ತು. ಊರಿನವರು ಇನ್ನಷ್ಟು ಬೆಣ್ಣೆ ಕಳಿಸಿದರು.

ಎದುರು ಮನೆಯ ಜಗಲಿಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂರುತ್ತಿದ್ದ ವನಜಾಕ್ಷಿಗೆ ಇದೊಂದು ಆಟವಾಯಿತು. ನಾನು ಬಚ್ಚಲಿಗೆ ಎದ್ದು ಹೋದರೆ ನಗಾರಿ ಏರುತ್ತಿತ್ತು, ಅದಕ್ಕೆ ಸರಿಯಾಗಿ ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಬೀದಿಯ ಮಕ್ಕಳು ಅವಳ ಜೊತೆ ಸೇರುತ್ತಿದ್ದರು. ನಾನು ಬಚ್ಚಲಿಗೆ ಹೋಗುವುದು ಕೂಡ ಊರಿಗೆ ಗೊತ್ತಾಗುವ ಸಂಗತಿಯಾಯಿತಲ್ಲ ಎಂದು ಅವಮಾನದಿಂದ ಕುಗ್ಗಿಹೋಗುತ್ತಿದ್ದೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದೆ.

ಒಂದು ಸಂಜೆ ಅಪ್ಪ ತೂಬಿನಿಂದ ಬಂದವನು ನಡುಮನೆಯಲ್ಲಿ ಊಟಕ್ಕೆ ಕೂತಿದ್ದ. ನಾನು ಒಳಕೋಣೆಯ ಮಂಚದಲ್ಲಿದ್ದೆ. ಅವತ್ತು ಸಾಲಿನಲ್ಲಿ ಯಾರೋ ಬರಿಗೊಡವನ್ನು ಅವನ ಕಾಲ ಬುಡಕ್ಕೆ ಎಸೆದಿದ್ದರಂತೆ. ಅವ್ವ ಏನೋ ಸಮಾಧಾನ ಹೇಳುತ್ತಿದ್ದಳು.

"ಬೇರೆಯೋರ ಮಗಳ ಎದೆ ಆಗಿದ್ರೆ ಬೈದಾದ್ರೂ ಬೈಯ್ತಿದ್ದೆ ಕಣೆ" ಎಂದ ಅಪ್ಪ. "ಇದು ನಂದೇ. ತಲೆ ಎತ್ತೋಕಾಗ್ತಿಲ್ಲ ನಂಗೆ."

ಹೊರಗೆ ನಗಾರಿ ತಟಕ್ಕನೆ ಓಟಕ್ಕೆ ಬಿತ್ತು. ಅಪ್ಪನ ಮಾತು ನಿಂತುಹೋಯಿತು. ನಾನು ಕೇಳಿಸಿಕೊಂಡೆ ಎಂದು ಅವನಿಗೆ ತಿಳಿಯಿತು, ಅವನಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಗೋಡೆಯ ಈ ಕಡೆ ನಾನು, ಆ ಕಡೆ ಅವನು, ನಡುವೆ ಆ ಹಾಳು ನಗಾರಿ. ಅಪ್ಪ ಅರ್ಧ ಊಟಕ್ಕೆ ಕೈ ತೊಳೆದು ಎದ್ದುಹೋದ.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಮೈ ಇಳಿಸುವ ಯೋಚನೆ ನನಗಿರಲಿಲ್ಲ, ಎದೆ ತಿದ್ದುವ ಯೋಚನೆಯೂ ಇರಲಿಲ್ಲ. ಆ ಸದ್ದು ಕೇಳಿಸದ ಜಾಗಕ್ಕೆ ಹೋಗಬೇಕು ಅನ್ನಿಸಿತ್ತು, ಅಷ್ಟೇ. ಊರಿನ ಮೂರು ಕಡೆ ಬಯಲು, ಅಲ್ಲೆಲ್ಲ ನಗಾರಿ ಮೈಲಿಗಟ್ಟಲೆ ಕೇಳಿಸುತ್ತದೆ. ಉಳಿದದ್ದು ಬೆಟ್ಟ. ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತತೊಡಗಿದೆ. ಸ್ವಲ್ಪ ದೂರಕ್ಕೇ ಬಾಯಿ ಒಣಗಿತು, ಕಣ್ಣಿಗೆ ಕತ್ತಲೆ ಬಂತು. ಕೆಳಗೆ ಮನೆಗೆ ಬೆಂಕಿ ಬಿದ್ದಂತೆ ನಗಾರಿ ಬಡಿದುಕೊಳ್ಳುತ್ತಿತ್ತು. ಒಂದೊಂದೇ ಮನೆಯಲ್ಲಿ ದೀಪ ಹತ್ತುವುದು ಕಾಣಿಸಿತು. ನಾನು ಅಲ್ಲೇ ಕುಸಿದು ಕೂತು ಅತ್ತೆ.

ಮೇಲಿನ ದೊಡ್ಡಿಯಿಂದ ಹಾಲಿನ ಕ್ಯಾನು ಹೊತ್ತು ಇಳಿಯುತ್ತಿದ್ದ ಸಿದ್ದರಾಜ ನನ್ನನ್ನು ನೋಡಿ ನಿಂತ.

"ಊರೆಲ್ಲ ಎದ್ ಕೂತೈತೆ, ನೀನಿಲ್ಲೇನ್ ಮಾಡ್ತಿದೀಯ ಹೊನ್ನಮ್ಮ?"

"ಎಲ್ ಹೋದ್ರೆ ಇದು ಕೇಳಿಸಲ್ಲಣ್ಣ?" ಎಂದು ಕೇಳಿದೆ.

ಅವನು ನಗಲಿಲ್ಲ. ಕ್ಯಾನು ಇಳಿಸಿ ಬೆಟ್ಟದ ತುದಿಯ ಕಡೆ ಕೈ ತೋರಿಸಿದ. "ಆ ಕೋಡುಗಲ್ಲಿನ ಹಿಂದೆ. ಅಲ್ಲಿ ಒಂಚೂರೂ ಕೇಳಿಸಲ್ಲ. ನಂದಾಗಿದ್ದಾಗ ದಿನಾ ಅಲ್ಗೇ ಹೋಗ್ತಿದ್ದೆ. ಹಾಲು ತರೋದು ಒಂದು ನೆಪ. ಇವತ್ತು ಇಷ್ಟು ಸಾಕು, ನಾಳೆ ಇನ್ನೊಸಿ ಮೇಲಕ್ಕೆ ಬಾ."

ಮಾರನೆಯ ದಿನ ಇನ್ನೊಂದಿಷ್ಟು ಮೇಲಕ್ಕೆ ಹೋದೆ. ಆಮೇಲೆ ದಿನವೂ ಹೋದೆ. ಊರಿನವರಿಗೆ ಬೆಳಗಿನ ಜಾವದ ಆ ಗಲಾಟೆಗೆ ಅರ್ಥ ಬೇಕಲ್ಲ, ಹುಡುಗಿಗೆ ಕೆಟ್ಟ ಕನಸು ಬೀಳುತ್ತಿದೆ ಎಂದು ತೀರ್ಮಾನಿಸಿದರು. ಲಿಂಗಪ್ಪನವರು ಖುದ್ದಾಗಿ ಒಂದು ತಾಯಿತ ತಂದು ಕಟ್ಟಿಸಿದರು. ನಾನು ಅದನ್ನು ತೋಳಿಗೆ ಕಟ್ಟಿಕೊಂಡೇ ಬೆಟ್ಟ ಹತ್ತಿದೆ. ಅಪ್ಪ ಬೆಳಕು ಹರಿಯುವ ಮೊದಲೇ ಕಾಲುವೆಯ ಕಸ ತೆಗೆಯಲು ಹೋಗುತ್ತಿದ್ದ, ಅವನಿಗೂ ತಿಳಿಯಲಿಲ್ಲ. ಅವ್ವನಿಗೆ ತಿಳಿದಿತ್ತು ಅನ್ನಿಸುತ್ತದೆ. ನನ್ನ ಮಣ್ಣುಗಾಲು ನೋಡಿಯೂ ಅವಳು ಏನೂ ಕೇಳಲಿಲ್ಲ, ಹಿತ್ತಲ ಬಾಗಿಲ ಬಳಿ ಒಂದು ಚೊಂಬು ನೀರು ಇಟ್ಟಿರುತ್ತಿದ್ದಳು.

ಕೋಡುಗಲ್ಲಿನ ಹಿಂದಕ್ಕೆ ಮೊದಲ ಸಲ ತಲುಪಿದಾಗ ಮಳೆಗಾಲ ಮುಗಿದಿತ್ತು. ಬಂಡೆಯನ್ನು ಬಳಸಿ ಆ ಕಡೆ ಕಾಲಿಟ್ಟೆ, ನಗಾರಿ ನಿಂತುಹೋಯಿತು. ನಿಂತದ್ದಲ್ಲ, ಕೇಳಿಸಲಿಲ್ಲ. ಹುಟ್ಟಿದ ಮೇಲೆ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಹೆದರಿ ಎದೆಯ ಮೇಲೆ ಕೈ ಇಟ್ಟುಕೊಂಡೆ. ಅಂಗೈಯ ಕೆಳಗೆ ಅದು ಬಡಿಯುತ್ತಿತ್ತು, ಬೇರೆ ಯಾರಿಗೂ ಕೇಳಿಸದಂತೆ, ನನಗಷ್ಟೇ ತಿಳಿಯುವಂತೆ. ಅದು ಇಳಿಯುವವರೆಗೆ ಕೈ ತೆಗೆಯದೆ ಕೂತಿದ್ದೆ.

ಚಳಿಗಾಲದಲ್ಲಿ ಊರಿನಲ್ಲೆಲ್ಲ ಸೀದ ವಾಸನೆ ಹರಡತೊಡಗಿತು. ಮೊದಲು ಒಂದು ಮನೆಯ ಅನ್ನ ತಳ ಹಿಡಿಯಿತು, ಮಾರನೆಯ ದಿನ ನಾಲ್ಕು ಮನೆಯದು. ಹೆಂಗಸರು ನನ್ನ ಎದೆಯ ಓಟಕ್ಕೆ ಹೆಚ್ಚಿಸಿಕೊಂಡಿದ್ದ ಲೆಕ್ಕದಂತೆ ಬಡಿತ ಎಣಿಸಿಯೇ ಒಲೆಯಿಂದ ಇಳಿಸುತ್ತಿದ್ದರು, ಆದರೂ ಎಲ್ಲ ಸೀಯುತ್ತಿತ್ತು. ಅಕ್ಕಿಯನ್ನು ಬೈದರು, ಸೌದೆಯನ್ನು ಬೈದರು. ಮಗ್ಗದ ಮನೆಯವರು ಹೊತ್ತು ಮುಳುಗಿದರೂ ಕೆಲಸ ಮುಗಿಯಲಿಲ್ಲವೆಂದು ಗೊಣಗಿದರು. ಕೊನೆಗೆ ಒಂದು ಸಂಜೆ ಸಾಕಮ್ಮನ ಎರಡು ಕೊಡ ತುಂಬಿ, ಹಂಡೆ ತುಂಬಿ, ನೀರು ಬೀದಿಯಲ್ಲಿ ಹರಿಯಿತು. ಅಪ್ಪನ ಕೈಯಲ್ಲಿ ಇನ್ನೂ ಬೀಜಗಳಿದ್ದವು. ಆಗ ಎಲ್ಲರೂ ಕಿವಿಗೊಟ್ಟು ಕೇಳಿದರು. ನಗಾರಿ ಎತ್ತು ಮೆಲುಕು ಹಾಕಿದ ಹಾಗೆ ಬಡಿಯುತ್ತಿತ್ತು.

ನನ್ನ ಮೈ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ರವಿಕೆಯ ಒಂದು ಹೊಲಿಗೆಯಷ್ಟು ಸಡಿಲವಾಗಿತ್ತೋ ಏನೋ. ಬೆಣ್ಣೆ ಕೊಡಲು ಬಂದ ಸಾಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋಗಿ ಊರಿಗೆಲ್ಲ ಸಾರಿದಳು: ಹುಡುಗಿ ಹಾಗೆಯೇ ಇದ್ದಾಳೆ, ಬೆಳಗಿನ ಜಾವದ ಗಲಾಟೆ ತಗ್ಗಿದೆ, ಕನಸೂ ಬೀಳುತ್ತಿಲ್ಲ, ಹಾಗಾದರೆ ನಗಾರಿ ಅವಳನ್ನು ಬಿಟ್ಟಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಮಾರನೆಯ ದಿನವೇ ಹೊಸಬರನ್ನು ಹುಡುಕುವುದೆಂದು ನಿಶ್ಚಯವಾಯಿತು.

ಅವತ್ತು ಸಂಜೆ ಅಪ್ಪ ದಾಪುಗಾಲು ಹಾಕುತ್ತ ಮನೆಗೆ ಬಂದ. ನೇರ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತು ನನ್ನ ಮುಖ ನೋಡಿದ. ಗೋಡೆಯನ್ನಲ್ಲ, ನನ್ನ ಮುಖವನ್ನು. ಎಷ್ಟು ಕಾಲವಾಗಿತ್ತು!

"ಬಿಡ್ತು ಕಣವ್ವ, ನಿನ್ ಬಿಡ್ತು. ಇನ್ ನಮ್ ಮನೆಗೆ ಆ ಪೀಡೆ ಇಲ್ಲ" ಎಂದು ನನ್ನ ಬಾಯಿಗೆ ಬೆಲ್ಲದ ಚೂರು ಇಟ್ಟ. ನನ್ನ ಎದೆ ಜಿಗಿಯಿತು. ಹೊರಗೆ ನಗಾರಿಯೂ ಜಿಗಿಯಿತು. ಅಪ್ಪ ಕಿವಿ ನಿಮಿರಿಸಿ ನಕ್ಕ. "ಕೇಳು, ಯಾವಳೋ ಎಲ್ಲೋ ಓಡ್ತಾವ್ಳೆ."

"ಅಪ್ಪ, ಅದು ನಾನು" ಎನ್ನಬೇಕೆಂದು ಬಾಯಿ ತೆರೆದೆ. ಬೆಲ್ಲ ಕರಗುತ್ತಿತ್ತು. ಅವನು ಇನ್ನೂ ನನ್ನನ್ನೇ ನೋಡುತ್ತಿದ್ದ. ಹೇಳಿದರೆ ಆ ಕಣ್ಣು ಮತ್ತೆ ಗೋಡೆಗೆ ಹೋಗುತ್ತದೆ. ಬಾಯಿ ಮುಚ್ಚಿಕೊಂಡೆ. ನನ್ನ ಎದೆ ಸರಿಯಾದದ್ದು ಅವನಿಗೆ ಸಂತೋಷವಲ್ಲ, ಅದು ನನ್ನದಲ್ಲವಾದದ್ದು ಸಂತೋಷ ಎಂಬುದು ಬೆಲ್ಲ ನುಂಗಿದ ಮೇಲೆ ಹೊಳೆಯಿತು.

ಮಾರನೆಯ ಸಂಜೆ, ನೀರು ಬಿಡುವ ಹೊತ್ತಿಗೆ ಮುಂಚೆ, ಎಲ್ಲರೂ ನಗಾರಿಕಟ್ಟೆಯ ಮುಂದೆ ಸೇರಿದರು. ನನ್ನನ್ನು ಸಾಲಿಗೆ ಕರೆಯಲೇ ಇಲ್ಲ. "ನೀನು ಬುಡವ್ವ, ನಿಂದು ಮುಗೀತು" ಎಂದು ಲಿಂಗಪ್ಪನವರು ಹೆಂಗಸರ ನಡುವೆ ಕೂರಿಸಿದರು. ಅಪ್ಪ ಬೆಲ್ಲದ ತಟ್ಟೆ ಹಿಡಿದುಕೊಂಡು ಮದುವೆಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ಒಬ್ಬೊಬ್ಬರೇ ಬಸ್ಕಿ ಹೊಡೆದು ಹೋದರು. ನಗಾರಿ ಅಲುಗಲಿಲ್ಲ. ಕೊನೆಗೆ ವನಜಾಕ್ಷಿ ಬಂದಳು.

ನಿಜ ಹೇಳುತ್ತೇನೆ, ಅವಳನ್ನು ಕಂಡಾಗ ನನಗೆ ಖುಷಿಯಾಯಿತು. ಚಪ್ಪಾಳೆ ತಟ್ಟಿದ ಕೈಗಳು ಈಗ ಕಿವಿ ಹಿಡಿದಿವೆ ಎಂದುಕೊಂಡೆ. ಆ ಖುಷಿಗೆ ಎದೆ ಒಂದಿಷ್ಟು ಏರಿತು. ಅವಳು ಕೂತಳು, ನಗಾರಿ ಚುರುಕಾಯಿತು. "ಇವಳೇ!" ಎಂದು ಜನ ಎದ್ದರು.

"ಇನ್ನೊಂದ್ಸಲ ಹೊಡಿ" ಎಂದರು ಲಿಂಗಪ್ಪನವರು.

ಅವಳು ಹೊಡೆದಳು. ನನಗೆ ಗಾಬರಿಯಾಯಿತು, ನಗಾರಿ ಇನ್ನೂ ಏರಿತು. ಅವಳು ನಿಲ್ಲಿಸಿದಳು, ನಗಾರಿ ನಿಲ್ಲಲಿಲ್ಲ. ಅನುಮಾನ ಪರಿಹಾರಕ್ಕೆಂದು ಮತ್ತೆ ಹೊಡೆಸಿದರು, ಮತ್ತೆ ಹೊಡೆಸಿದರು. ನನ್ನೊಳಗೆ ತಪ್ಪಿನ ಅಳುಕು ಹೆಚ್ಚಿದಂತೆಲ್ಲ ನಗಾರಿ ಹೆಚ್ಚಿತು, ನಗಾರಿ ಹೆಚ್ಚಿದಂತೆಲ್ಲ ಅವಳ ಬಸ್ಕಿ ಹೆಚ್ಚಿತು. ಅವಳ ತೊಡೆ ನಡುಗುವುದು ನಾನು ಕೂತಲ್ಲಿಗೆ ಕಾಣುತ್ತಿತ್ತು.

"ನಂದಲ್ಲ! ನನ್ ಎದೆ ಇಂಗೆ ಬಡೀತಿಲ್ಲ, ಬೇಕಾದ್ರೆ ಮುಟ್ ನೋಡಿ" ಎಂದು ಅತ್ತಳು. ದರ್ಜಿ ನಾಗೋಜಿ ಕೈಮುಗಿದು, "ಅವ್ಳು ಸುಳ್ಳು ಹೇಳೋಳಲ್ಲ ಯಜಮಾನ್ರೇ" ಎಂದ. ಯಾರೂ ಕೇಳಲಿಲ್ಲ. ಇಡೀ ಊರಿಗೆ ಕೇಳಿಸುವ ನಗಾರಿ ಇರುವಾಗ ಒಬ್ಬಳ ಬಾಯಿಮಾತನ್ನು ಯಾರು ಕೇಳುತ್ತಾರೆ? ಸಾಕಮ್ಮ ಆಗಲೇ ಬೆಣ್ಣೆಯ ಮಾತೆತ್ತಿದ್ದಳು. ನಮ್ಮ ಮನೆಯ ಮಂಚವನ್ನು ನಾಗೋಜಿಯ ಮನೆಗೆ ಸಾಗಿಸಲು ಇಬ್ಬರು ಗಂಡಸರು ಹೊರಟರು.

ಆ ಮಂಚ ನನಗೆ ಗೊತ್ತು. ಬಚ್ಚಲಿಗೆ ಹೋಗಲು ಹೆದರಿ ನೀರು ಕುಡಿಯದೆ ಮಲಗಿದ ಆ ಮಂಚ. ಅಪ್ಪನ ಕಡೆ ನೋಡಿದೆ. ಅವನೂ ನನ್ನ ಕಡೆ ನೋಡಿ ಸಣ್ಣಗೆ ನಕ್ಕ. ಆ ನೋಟ ಬಿಟ್ಟುಕೊಡಲು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಎದ್ದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಕಟ್ಟೆಯ ಮುಂದೆ ಹೋಗಿ ವನಜಾಕ್ಷಿಯನ್ನು ಪಕ್ಕಕ್ಕೆ ಸರಿಸಿದೆ.

"ಅವ್ಳದಲ್ಲ, ನಂದು" ಎಂದೆ. ಯಾರೋ ನಕ್ಕರು. ನಾನು ಉಸಿರು ಎಳೆದುಕೊಂಡು ಕಿವಿ ಹಿಡಿದೆ.

ಅಷ್ಟು ಜನರ ಮುಂದೆ ನನ್ನ ಮೈ ಕೂತು ಎದ್ದಿತು, ಕೂತು ಎದ್ದಿತು. ಹೊಟ್ಟೆ ಕುಣಿಯಿತು, ಬಳೆ ಕುಣಿದವು. ನಾಚಿಕೆ ಹೋಗಿತ್ತು ಎಂದರೆ ಸುಳ್ಳು, ಅದು ಮೊದಲಿನಷ್ಟೇ ಇತ್ತು. ನಗಾರಿ ನನ್ನ ಜೊತೆ ಏರುತ್ತ ಏರುತ್ತ ಓಟಕ್ಕೆ ಬಂತು. ಸಾಕೆನಿಸಿದಾಗ ನಿಂತೆ. ಲಿಂಗಪ್ಪನವರು ಅಭ್ಯಾಸಬಲದಿಂದ ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದರು. ಬೀಡಿಗೆ ಬೆಂಕಿ ತಗಲುವ ಮೊದಲೇ ನಗಾರಿ ಇಳಿಯಿತು. ಇಳಿದು, ಸಾವಧಾನವಾಗಿ, ಎತ್ತು ಮೆಲುಕು ಹಾಕಿದ ಹಾಗೆ ಬಡಿಯಿತು. ಕಡ್ಡಿ ಅವರ ಬೆರಳು ಸುಟ್ಟಿತು.

"ಇನ್ನೊಂದ್ಸಲ" ಎಂದರು. ಇನ್ನೊಂದು ಸಲ ಹೊಡೆದೆ. ಮತ್ತೆ ಹಾಗೆಯೇ ಏರಿತು, ಹಾಗೆಯೇ ಇಳಿಯಿತು.

"ಮೈ ಅಂಗೇ ಐತಲ್ಲ?" ಎಂದಳು ಸಾಕಮ್ಮ, ತಾನು ಮೋಸಹೋದಂತೆ.

"ಮೈ ಅಂಗೇ ಐತೆ ಸಾಕಕ್ಕ. ದಿನಾ ಬೆಟ್ಟ ಹತ್ತುತೀನಿ. ಬೆಳಗಿನ ಜಾವ ಬೀಳ್ತಿದ್ದಿದ್ದು ಕನಸಲ್ಲ, ಅದು ಬೆಟ್ಟ" ಎಂದೆ.

"ನಾನೂ ಅಂಗೇ ಮಾಡ್ತಿದ್ದೆ" ಎಂದ ಹಿಂದೆ ನಿಂತಿದ್ದ ಸಿದ್ದರಾಜ. "ಯಾರಾದ್ರೂ ಕೇಳಿದ್ರೆ ತಾನೆ ಹೇಳೋದು? ಹುಟ್ಟುಗುಣ ಅಂತ ನೀವೇ ಅಂದ್ಕೊಂಡ್ರಿ."

ಮಂಚ ಹೊತ್ತು ತಂದವರು ಅದನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಹೆಗಲ ಮೇಲೇ ಇಟ್ಟುಕೊಂಡು ನಿಂತಿದ್ದರು. ವನಜಾಕ್ಷಿ ನೆಲದಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. ಅಪ್ಪ ಬೆಲ್ಲದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. ಪೀಡೆ ತೊಲಗಿತು ಎಂದು ಊರಿಗೆಲ್ಲ ಹಂಚಿದ ಬೆಲ್ಲ ಅದು. ಅವನು ತಲೆ ತಗ್ಗಿಸಿಕೊಂಡು ತೂಬಿನ ಕಡೆ ನಡೆದ. ನೀರಿನ ಹೊತ್ತಾಗಿತ್ತು, ಯಾರು ಏನಾದರೂ ಆ ಹೊತ್ತು ತಪ್ಪುವಂತಿಲ್ಲ. ಹೆಂಗಸರು ಕೊಡಗಳೊಂದಿಗೆ ಸಾಲು ನಿಂತರು. ನಾನೂ ಹೋಗಿ ತೂಬಿನ ಪಕ್ಕ ನಿಂತೆ.

ಅಪ್ಪ ಒಂದು ಹಿಡಿ ಬೀಜ ಎಡಗೈಗೆ ತೆಗೆದುಕೊಂಡು ತೂಬು ತೆರೆದ. ಸಾಕಮ್ಮನ ಕೊಡಕ್ಕೆ ನೀರು ಬೀಳತೊಡಗಿತು. ಒಂದು ಬೀಜ ಚೀಲಕ್ಕೆ ಬಿತ್ತು. ತುಸು ಹೊತ್ತು ಬಿಟ್ಟು ಇನ್ನೊಂದು ಬಿತ್ತು. ಅವನ ಕಣ್ಣು ತೂಬಿನ ಕಲ್ಲಿನ ಮೇಲಿತ್ತು.

"ದಿನಾ ಎಣಿಸೋನು ನಾನು" ಎಂದ, ಕಲ್ಲಿಗೆ ಹೇಳುವಂತೆ. "ಒಂದೊಂದು ಬಡಿತಾನೂ ಎಣಿಸ್ತೀನಿ. ಅದು ನಿಂದು ಅಂತ ನಂಗೆ ಗುರ್ತು ಸಿಗಲಿಲ್ಲ ಕಣವ್ವ." ಆಮೇಲೆ ತಲೆ ಎತ್ತಿ, ಸಾಲಿನ ಅಷ್ಟೂ ಹೆಂಗಸರ ಎದುರಿಗೆ ನನ್ನ ಮುಖ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. "ಬೆಲ್ಲ ಬೇರೆ ಹಂಚ್ದೆ. ನಾಚ್ಕೆ ಆಯ್ತದೆ ನಂಗೆ."

ನಾನು ಏನೂ ಹೇಳಬೇಕಾಗಿರಲಿಲ್ಲ, ನಗಾರಿ ಆಗಲೇ ಓಟ ಕಿತ್ತಿತ್ತು. ಬೆಟ್ಟ ಹತ್ತುವಾಗಲೂ ಅದು ಹಾಗೆ ಓಡಿರಲಿಲ್ಲ. ಎದೆಗೆ ಕೈ ಒತ್ತಿ ಹಿಡಿದುಕೊಂಡರೂ ನಿಲ್ಲಲಿಲ್ಲ. ಊರಿಗೆಲ್ಲ ಕೇಳುತ್ತಿದೆಯಲ್ಲ ಎಂದು ಮುಖ ಬಿಸಿಯಾಯಿತು, ಅದಕ್ಕೆ ಇನ್ನೂ ಓಡಿತು. ಅಪ್ಪ ಮುಖ ನನ್ನ ಕಡೆಗೇ ಇಟ್ಟುಕೊಂಡು, ತುಟಿಯಲ್ಲಿ ಎಣಿಸುತ್ತ ಎಣಿಸುತ್ತ ಬೀಜ ಬಿಡುತ್ತಲೇ ಇದ್ದ. ಒಂದು ಬಡಿತವನ್ನೂ ಅವನು ಬಿಟ್ಟುಕೊಡಲಿಲ್ಲ. ನೋಡುನೋಡುತ್ತಿದ್ದಂತೆ ಅವನ ಕೈ ಬರಿದಾಯಿತು. ಅವನು ತೂಬು ಮುಚ್ಚಿದ.

ಸಾಕಮ್ಮನ ಕೊಡ ಅರ್ಧ ತುಂಬಿತ್ತು. ಅವಳು ಕೊಡ ನೋಡಿದಳು, ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು, ಅರ್ಧ ಕೊಡವನ್ನೇ ಸೊಂಟಕ್ಕೆ ಎತ್ತಿಕೊಂಡು ಮನೆಗೆ ನಡೆದಳು.